ಹೊಟ್ಟೆಯಲ್ಲ, ಎದೆ

ಡಿಸೆಂಬರ್ 2, ಸೋಮವಾರ

ಮಾತ್ರೆ ಆಯ್ತು. ಕಾಫಿ ಒಂದೇ ಕಪ್. ಎಂಟಕ್ಕೆ ಮೊದಲ ಪಾಠ. ಇನ್ನೂ ಬೆಳಕು ಹರಿದಿರಲಿಲ್ಲ, ರಸ್ತೆ ಮೇಲೆ ತೆಳ್ಳಗೆ ಮಂಜುಗಡ್ಡೆ. ಬ್ಯಾಂಕಿನಿಂದ ರಿಟೈರಾದ ಹೆಂಗಸು, ಈ ವಯಸ್ಸಿಗೆ ಡ್ರೈವಿಂಗ್ ಕಲಿಯೋ ಹಟ. ಬಂದರಿನ ಹಿಂದಿನ ಬಯಲಲ್ಲಿ ರಿವರ್ಸ್ ಮಾಡಿಸಿದೆ. ಅವರು ಕತ್ತು ತಿರುಗಿಸಿ ಹಿಂದೆ ನೋಡ್ತಿದ್ದಾಗ ಮೆಲ್ಲಗೆ ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿಕೊಂಡೆ. ಸರಿಯಿದೆ. ಒಂದರ ಹಿಂದೊಂದು, ಶಿಸ್ತಿನ ಸಿಪಾಯಿಗಳ ಹಾಗೆ.

ಈ ಚಾಳಿ ಶುರುವಾದದ್ದು ನವೆಂಬರ್‌ನಲ್ಲಿ. ಡ್ರೈವಿಂಗ್ ಮೇಷ್ಟ್ರುಗಳ ಸಂಘದ ಊಟ — ಬಿಯರು, ಮೇಲೆ ಗಂಟಲು ಸುಡೋ ಸ್ನಾಪ್ಸ್, ಮತ್ತೆ ಬಿಯರು. ಮನೆಗೆ ಬಂದು ಮಲಗಿದರೆ ಎದೆ ಹುಚ್ಚೆದ್ದು ಕುಣೀತು. ಬೆಳಗಾಗೋ ಹೊತ್ತಿಗೆ ತಾನಾಗೇ ಸರಿಹೋಯ್ತು. ಡಾಕ್ಟರ್ ಕ್ವಿಸ್ಟ್ ಎದೆಗೆ ತಂತಿ ಹಚ್ಚಿ ನೋಡಿದರು, ಬಡಿತದ ಗೆರೆ ಸರಿಯಾಗೇ ಇತ್ತು. ಆದರೂ ಬಿಡಲಿಲ್ಲ.

"ಕ್ರಿಸ್‌ಮಸ್ ಬಂತು ಅಂದ್ರೆ ನಿಮ್ಮಂಥವರು ಸಾಲಾಗಿ ಬರ್ತಾರೆ ವೆರ್ನರ್. ವರ್ಷವೆಲ್ಲ ನೆಟ್ಟಗಿದ್ದವರು. ಹೃದಯಕ್ಕೆ ಹಬ್ಬ ಅಂತ ಗೊತ್ತಾಗಲ್ಲ."

ಕುಡಿಯದೇ ಇದ್ದರೆ ಒಳ್ಳೇದು, ತೀರಾ ಅಂದ್ರೆ ಒಂದು ಗ್ಲಾಸ್. ಉಪ್ಪು ಮೀನು, ಉಪ್ಪು ಹಂದಿ ಮಾಂಸ ಕಡಿಮೆ. ನೀರು ಜಾಸ್ತಿ. ನಿದ್ದೆ ಕೆಡಿಸಬೇಡಿ. ಮಾತ್ರೆ ತಪ್ಪಿಸಬೇಡಿ. ಮತ್ತೆ ಹಾಗಾದ್ರೆ ಕಾಯಬೇಡಿ, ಅವತ್ತೇ ಬನ್ನಿ.

ಲೀಸ್ಬೆತ್‌ಗೆ ಹೇಳಿದ್ದು ಇಷ್ಟೇ — ಬಿ.ಪಿ. ಮಾತ್ರೆ ಕೊಟ್ಟಿದಾರೆ ಅಂತ. ಹೆಂಡತಿಗೆ ಇಷ್ಟು ಸಾಕು.

ಡಿಸೆಂಬರ್ 13, ಶುಕ್ರವಾರ

ಡ್ರೈವಿಂಗ್ ಶಾಲೆಯಲ್ಲಿ ವರ್ಷಾವರ್ಷದ ಪಾಠ. ಕುಡಿದು ಗಾಡಿ ಓಡಿಸೋದರ ಬಗ್ಗೆ. ಬೋರ್ಡಿನ ಮೇಲೆ ಗ್ಲಾಸುಗಳ ಚಿತ್ರ ಬರೆದೆ. "ಕುಡಿದವನಿಗೆ ತಾನು ಕುಡಿದಿದೀನಿ ಅಂತ ಎಲ್ಲರಿಗಿಂತ ಕೊನೆಗೆ ಗೊತ್ತಾಗೋದು" ಅಂದೆ. ಎಲ್ಲ ನಕ್ಕರು. ನನಗೇ ಖುಷಿ.

ಸಂಜೆ ಬಂದರಿನ ಗೆಳೆಯರ ಊಟ. ಬಿಯರ್ ಕುಡಿದೆ. ಮಾತ್ರೆ ನುಂಗಲಿಲ್ಲ — ಮಾತ್ರೆಗೂ ಮದ್ಯಕ್ಕೂ ಆಗಲ್ಲ ಅಂತ ಎಲ್ಲೋ ಕೇಳಿದ ನೆನಪು. ಏನೂ ಆಗಲಿಲ್ಲ. ಕ್ವಿಸ್ಟ್ ಸುಮ್ಮನೆ ಹೆದರಿಸ್ತಾರೆ.

ಡಿಸೆಂಬರ್ 22, ಭಾನುವಾರ

ಮಗ ಟೋಕೆ ಮತ್ತು ಅವನ ಹೆಂಡತಿ ರಾನ್ವಾ ಬಂದಿದ್ದರು. ಮದುವೆ ಆದ ಮೇಲೆ ಸೊಸೆಗೆ ನಮ್ಮ ಜೊತೆ ಮೊದಲ ಕ್ರಿಸ್‌ಮಸ್. ಇಲ್ಲೇ ಹಡಗಿನ ಟಿಕೆಟ್ ಆಫೀಸಿನಲ್ಲಿ ಕೆಲಸ ಅವಳಿಗೆ. ನಮ್ಮ ಹಾಗೆ ಡೆನ್ಮಾರ್ಕಿನ ಈ ಊರಿನವಳಲ್ಲ, ಸಮುದ್ರದಾಚೆ ಫೆರೋ ದ್ವೀಪದವಳು, ತಾಯಿ ಇಲ್ಲ, ಅಪ್ಪ ಒಬ್ಬರೇ ಕುರಿ ಸಾಕ್ಕೊಂಡು ಅಲ್ಲೇ ಇದಾರೆ.

ಕೈಯಲ್ಲಿ ಬಟ್ಟೆ ಸುತ್ತಿದ ದೊಡ್ಡ ಗಂಟು. ಬಿಚ್ಚಿದಳು. ಕುರಿಯ ತೊಡೆ. ಅಡುಗೆಮನೆ ತುಂಬ ವಾಸನೆ — ಹಳೇ ಗಿಣ್ಣು, ಉಣ್ಣೆ, ಸಮುದ್ರ ಎಲ್ಲ ಸೇರಿದ ಹಾಗೆ.

"ಅಪ್ಪ ಹಡಗಲ್ಲಿ ಕಳಿಸಿದ್ರು ಮಾವ. ಉಪ್ಪು ಹಾಕಲ್ಲ, ಬೇಯಿಸಲ್ಲ. ಹಲಗೆ ಸಂದಿಯಿಂದ ಗಾಳಿ ಬರೋ ಗುಡಿಸಲಲ್ಲಿ ನೇತುಹಾಕ್ತಾರೆ. ಗಾಳೀನೇ ಬೇಯಿಸತ್ತೆ. ನಿಮ್ಮನೆ ಊಟಕ್ಕೆ ಅಂತಾನೇ ಒಳ್ಳೇದು ಆರಿಸಿ ಇಟ್ಟಿದ್ರಂತೆ."

"ಗಾಳಿಗೆ ಸಂಬಳ ಎಷ್ಟು ಕೊಡ್ತಾರೆ?" ಅಂದೆ. ನಕ್ಕಳು. ನಕ್ಕಾಗ ಮೂಗಿನ ಮೇಲೆ ಸುಕ್ಕು ಬೀಳತ್ತೆ. ಒಳ್ಳೇ ಹುಡುಗಿ. ಟೋಕೆ ಪುಣ್ಯ ಮಾಡಿದ್ದ.

ಡಿಸೆಂಬರ್ 25, ಬುಧವಾರ

ನಿನ್ನೆ ಬಾತುಕೋಳಿ, ವೈನ್, ಮರದ ಸುತ್ತ ಕೈ ಹಿಡಿದು ಹಾಡು. ಮಲಗಿದ್ದು ತಡವಾಗಿ. ಇವತ್ತೂ ಹಾಗೇ. ಮಾತ್ರೆ ಎರಡು ದಿನ ಇಲ್ಲ. ನಾಳೆ ತಮ್ಮ ಲೌಗೆ ಬರ್ತಾನೆ, ದೊಡ್ಡ ಊಟ. ಅದು ಮುಗಿದ ಮೇಲೆ ಶಿಸ್ತು. ನಿಜವಾಗ್ಲೂ.

ಡಿಸೆಂಬರ್ 27, ಶುಕ್ರವಾರ, ಬೆಳಿಗ್ಗೆ

ಹಾಸಿಗೆಯಲ್ಲೇ ಇದೀನಿ. ಎದೆ ಸರಿಯಾಗಿಲ್ಲ. ಕ್ಲಚ್ ಬಿಡೋಕೆ ಬಾರದವನ ಕೈಗೆ ಗಾಡಿ ಕೊಟ್ಟ ಹಾಗಿದೆ — ಜಿಗಿಯತ್ತೆ, ನಿಲ್ಲತ್ತೆ, ಮತ್ತೆ ಜಿಗಿಯತ್ತೆ. ಆದರೆ ಬರೀಬೇಕಾದ್ದು ಅದಲ್ಲ.

ನಿನ್ನೆ ಎಲ್ಲ ಚೆನ್ನಾಗಿತ್ತು. ಉಪ್ಪು ಮೀನು, ಕರೀ ಬ್ರೆಡ್ಡು, ಸ್ನಾಪ್ಸ್. ಲೌಗೆ, ಅವನ ಹೆಂಡತಿ ಕಿರ್ಸ್ಟನ್, ಟೋಕೆ, ರಾನ್ವಾ, ನಾವಿಬ್ಬರು. ಮೊದಲನೇ ಗ್ಲಾಸ್ ಆದ ಮೇಲೆ ಸಾಕು ಅಂದೆ. ನಿಜವಾಗ್ಲೂ ಅಂದೆ.

"ಏನಣ್ಣಾ, ಒಂದೇ ಗ್ಲಾಸಾ? ಒಂಟಿ ಕಾಲಲ್ಲಿ ನಡೀತೀಯಾ?" ಲೌಗೆ ತುಂಬಿಸೇಬಿಟ್ಟ. "ಅಪ್ಪ ಈ ಮೇಜಲ್ಲಿ ಕೂತು ಎಲ್ಲರನ್ನೂ ಕುಡಿದು ಮಲಗಿಸ್ತಿದ್ದ. ನೀನು ನೋಡಿದ್ರೆ ಸನ್ಯಾಸಿ ಆಗ್ತಿದೀಯ."

ಎಲ್ಲ ನಗ್ತಿದ್ದರು. ನನಗೆ ಹೃದಯದ್ದು ಸ್ವಲ್ಪ ತೊಂದರೆ ಕಣೋ, ಅಂತ ಒಂದು ಮಾತು. ನಾಲಿಗೆ ತುದಿಗೇ ಬಂದಿತ್ತು. ಹೇಳಿದರೆ ಊಟದ ಮಧ್ಯೆ ಮುದುಕನಾಗಿ ಬಿಡ್ತೀನಿ ಅನ್ನಿಸ್ತು. ಎರಡನೇ ಕಾಲಿಗೆ ಕುಡಿದೆ. ಆಮೇಲೆ ಕಾಲು ಎಷ್ಟಾದವೋ.

ರಾನ್ವಾ ಆ ಮಾಂಸ ತೆಳ್ಳಗೆ ಹೆಚ್ಚಿ ತಟ್ಟೆಯಲ್ಲಿ ಜೋಡಿಸಿ ತಂದಳು. ಕಿರ್ಸ್ಟನ್ ಕರ್ಚೀಪು ಮೂಗಿಗೆ ಹಿಡಿದಳು. ಲೌಗೆ, "ಇದು ಸತ್ತು ಎಷ್ಟು ವರ್ಷ ಆಯ್ತಮ್ಮ?" ಅಂದ. ನಾನು ತಿಂದೆ. ಚೆನ್ನಾಗಿತ್ತು. ಇನ್ನೊಂದು ಚೂರು ಬೇಕು ಅನ್ನಿಸುವಷ್ಟು.

ಕೈ ಚಾಚಿದೆ — ಆಗಲೇ ಎದೆಯೊಳಗೆ ಏನೋ ಜಾರಿತು.

ಎದ್ದು ಬಚ್ಚಲಿಗೆ ಹೋದೆ. ಚಿಲಕ ಹಾಕಿ ನೆಲದ ಮೇಲೆ ಕೂತೆ. ಬೆವರು. ನಾಡಿ ಹಿಡಿದರೆ ಸಿಪಾಯಿಗಳಿಲ್ಲ, ಸಂತೆಯಲ್ಲಿ ಕಾಲ್ತುಳಿತ. ಗೊತ್ತಾಯ್ತು. ಇದೇ ಅದು. ಕ್ವಿಸ್ಟ್ ಹೇಳಿದ್ದೇ. ಬಾಗಿಲು ತಟ್ಟಿದರು. ತೆಗೆದೆ. ಎಲ್ಲರೂ ನಿಂತಿದ್ದರು.

"ಏನಾಯ್ತು? ಮುಖ ಸುಣ್ಣದ ಹಾಗಾಗಿದೆ" ಅಂದಳು ಲೀಸ್ಬೆತ್.

"ಆ ಮಾಂಸ!" ಅಂದ ಲೌಗೆ. "ನಾನು ಆಗಲೇ ಹೇಳ್ಲಿಲ್ವಾ?"

ಅಲ್ಲ ಅನ್ನಬೇಕಿತ್ತು. ಒಂದೇ ಪದ. ಸುಮ್ಮನಾದರೂ ಇರಬಹುದಿತ್ತು. ನಾನು ಹೇಳಿದೆ — ನಾನೇ, ಈ ಬಾಯಿಂದ —

"ಹೊಟ್ಟೆ ತೊಳಸ್ತಿದೆ. ಅದೇ ಇರ್ಬೇಕು. ಅಭ್ಯಾಸ ಇಲ್ವಲ್ಲ ನಮಗೆ."

ರಾನ್ವಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಷ್ಟರಲ್ಲಿ ಕಿರ್ಸ್ಟನ್‌ಗೂ ಹೊಟ್ಟೆ ನೋವು ಶುರು! ಅವಳು ಅದನ್ನ ಮುಟ್ಟೇ ಇರಲಿಲ್ಲ. ಯಾರಿಗೂ ನೆನಪಾಗಲಿಲ್ಲ. ಉಳಿದ ತೊಡೆಯೂ ಕಸದ ಡಬ್ಬಕ್ಕೆ ಹೋಯ್ತು. ಸೋಫಾದ ಮೇಲೆ ಮಲಗಿದ್ದೆ, ಅಡುಗೆಮನೆಯಿಂದ ಸದ್ದು ಕೇಳ್ತಿತ್ತು. ಅವಳು ಹೆಚ್ಚುವ ಮಣೆ ಉಜ್ಜುತ್ತಿದ್ದಳು. ಉಜ್ಜುತ್ತಾನೇ ಇದ್ದಳು.

ಅದೇ ದಿನ, ಮಧ್ಯಾಹ್ನ

ರಾನ್ವಾ ಬಂದು ಹೋದಳು. ಸೂಪ್ ತಂದಿದ್ದಳು, ತಿಳಿಯಾಗಿ, ಖಾರ ಇಲ್ಲದೆ. ಮಂಚದ ಪಕ್ಕ ನಿಂತಳು, ಕೂರಲಿಲ್ಲ.

"ಮಾವ, ಕ್ಷಮಿಸಿ. ನಾನು ಮೊದಲು ಸರಿಯಾಗಿ ನೋಡ್ಬೇಕಿತ್ತು. ಅಪ್ಪನ ಮಾಂಸ ಯಾವತ್ತೂ ಹೀಗೆ ಆಗಿಲ್ಲ. ನಿಜವಾಗ್ಲೂ ಯಾವತ್ತೂ."

"ಪರವಾಗಿಲ್ಲ ಬಿಡು" ಅಂದೆ.

ಕ್ಷಮಿಸಿಬಿಟ್ಟೆ ಅವಳನ್ನ. ದೊಡ್ಡ ಮನಸ್ಸು ನಂದು. ಸೂಪ್ ಪೂರ್ತಿ ಕುಡಿದೆ.

ಡಿಸೆಂಬರ್ 28, ಶನಿವಾರ

ಸರಿಯಾಗಿಲ್ಲ. ಮಾತ್ರೆ ಮತ್ತೆ ಶುರು ಮಾಡಿದೆ. ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರ ಹತ್ತಿರ ಹೋದರೆ ಕೇಳ್ತಾರೆ, ಎಷ್ಟು ಕುಡಿದಿರಿ, ಯಾವಾಗಿನಿಂದ. ಲೀಸ್ಬೆತ್ ಪಕ್ಕದಲ್ಲಿ ಇರ್ತಾಳೆ.

ತಾನಾಗೇ ಸರಿಹೋಗತ್ತೆ. ಹೋದ ಸಲ ಹೋಗಿತ್ತಲ್ಲ.

ಡಿಸೆಂಬರ್ 30, ಸೋಮವಾರ, ಆಸ್ಪತ್ರೆ

ಬೆರಳಿಗೆ ಕ್ಲಿಪ್ಪು, ಎದೆಗೆ ತಂತಿ. ಬರೆಯೋಕೆ ಕಷ್ಟ. ಆದರೆ ಬರೀತೀನಿ.

ನಿನ್ನೆ ಬೆಳಿಗ್ಗೆ ಲೀಸ್ಬೆತ್ ಅಕ್ಕನ ಮನೆಗೆ ಹೋಗಿದ್ದಳು. ಟೋಕೆ ಸಮುದ್ರದಲ್ಲಿ, ಕರೆಂಟ್ ತಯಾರಿಸೋ ಗಾಳಿಯಂತ್ರಗಳ ರಿಪೇರಿ ಡ್ಯೂಟಿ ಮೇಲೆ. ಬಾಗಿಲ ಮುಂದಿನ ಹಿಮ ತೆಗೆಯೋಣ ಅಂತ ಸಲಿಕೆ ಹಿಡಿದೆ. ಎರಡು ಸಲ ಎತ್ತಿದ್ದೂ ಇಲ್ಲ, ಕಣ್ಣು ಕತ್ತಲೆ. ಮೆಟ್ಟಿಲ ಮೇಲೆ ಕೂತೆ. ಹಾಗೇ ಕೂತಿದ್ದಾಗ ರಾನ್ವಾ ಬಂದಳು — ಹೊಟ್ಟೆ ಹೇಗಿದೆ ಅಂತ ವಿಚಾರಿಸೋಕೆ! ನನ್ನ ಮುಖ ನೋಡಿದವಳೇ ಸಲಿಕೆ ಕಿತ್ತು ಬಿಸಾಕಿ ಕಾರಿಗೆ ಹತ್ತಿಸಿದಳು.

ಅಂಥ ಹೊತ್ತಲ್ಲೂ ನನ್ನ ಬಾಯಿ ಸುಮ್ಮನಿರಲಿಲ್ಲ.

"ಕನ್ನಡಿ ನೋಡು. ಮುಂದಿನ ಗಾಡಿಗೆ ಅಂತರ ಬಿಡು."

"ಮಾವ, ನೀವು ಉಸಿರಾಡಿ ಸಾಕು. ಗಾಡಿ ನಾನು ಓಡಿಸ್ತೀನಿ."

ಎಮರ್ಜೆನ್ಸಿಯಲ್ಲಿ ಮಲಗಿಸಿ ತಂತಿ ಹಚ್ಚಿದರು. ಹೆಣ್ಣು ಡಾಕ್ಟರ್, ಟೋಕೆಯ ವಯಸ್ಸಿರಬಹುದು, ಹೆಸರು ಸ್ಕೌ. ಪರದೆ ನೋಡಿದರು. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ನಡುಗ್ತಿವೆ ಅಂದರು. ರಾನ್ವಾ ನನ್ನ ಕೋಟು ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ದಳು.

"ಯಾವಾಗ ಶುರುವಾಯ್ತು?"

ಅವಳ ಮುಖ ನೋಡಿದೆ.

"ಇವತ್ತು ಬೆಳಿಗ್ಗೆ" ಅಂದೆ. "ಹಿಮ ತೆಗೀತಿದ್ದಾಗ."

"ಒಳ್ಳೇದಾಯ್ತು, ಬೇಗ ಬಂದ್ರಿ. ಹಾಗಾದ್ರೆ ಇವತ್ತೇ ಸರಿ ಮಾಡಬಹುದು. ಸ್ವಲ್ಪ ಹೊತ್ತು ನಿದ್ದೆ ಬರಿಸಿ ಒಂದು ಶಾಕ್ ಕೊಡ್ತೀವಿ, ಲಯ ವಾಪಸ್ ಬರತ್ತೆ. ಸಂಜೆಗೆ ಮನೆ."

ಸಂಜೆಗೆ ಮನೆ. ಯಾರಿಗೂ ಏನೂ ಗೊತ್ತಾಗಲ್ಲ. ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ.

ರಾನ್ವಾಳನ್ನ ಹೊರಗೆ ಕಳಿಸಿದರು. ಎದೆಗೆ ದೊಡ್ಡ ಪಟ್ಟಿ ಅಂಟಿಸಿದರು, ತಣ್ಣಗೆ. ನರ್ಸ್ ಗಂಡಸು, ದಪ್ಪ ಮೀಸೆ. ಸೂಜಿ ಕೈಗೆ ತಗೊಂಡು ಮಾಮೂಲಿ ದನಿಯಲ್ಲಿ ಕೇಳಿದ —

"ಇವತ್ತು ಬೆಳಿಗ್ಗೇನೇ ಅಲ್ವಾ? ಗ್ಯಾರಂಟಿ?"

"ಯಾಕೆ?"

"ಎರಡು ಮೂರು ದಿನ ಆಗಿದ್ರೆ ಒಳಗೆ ರಕ್ತ ನಿಂತು ಹೆಪ್ಪುಗಟ್ಟಿರಬಹುದು. ಶಾಕ್ ಕೊಟ್ಟಾಗ ಹೃದಯ ಸರಿಹೋಗತ್ತೆ, ಆ ಹೆಪ್ಪು ಎದ್ದು ಮಿದುಳಿಗೆ ಹೋಗತ್ತೆ. ಆಮೇಲೆ ಮಾತು ಹೋಗಬಹುದು, ಕೈಕಾಲು ಹೋಗಬಹುದು. ಅದಕ್ಕೇ ಎರಡು ಸಲ ಕೇಳ್ತೀವಿ."

ಆಗಲೂ ತಕ್ಷಣ ಹೇಳಲಿಲ್ಲ ನಾನು. ಅವನು ತೋಳಿಗೆ ಸ್ಪಿರಿಟ್ ಹಚ್ಚಿದ. ಹಚ್ಚಿ ಮುಗಿಸುವ ತನಕ ಯೋಚಿಸ್ತಿದ್ದೆ. ಏನಂತ? ಬಚಾವಾಗಬಹುದೇನೋ ಅಂತ!

"ನಿಲ್ಲಿಸಿ" ಅಂದೆ. "ಗುರುವಾರದಿಂದ."

ನರ್ಸ್ ಸೂಜಿ ಕೆಳಗಿಟ್ಟ. ಸ್ಕೌ ಸ್ಟೂಲು ಎಳ್ಕೊಂಡು ಕೂತರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಗುರುವಾರ ಎಷ್ಟು ಕುಡಿದಿರಿ?"

ಹೇಳಿದೆ.

"ಈಗ ನಿಜ ಹೇಳಿ."

ಹೇಳಿದೆ. ಮಾತ್ರೆ ಬಿಟ್ಟಿದ್ದನ್ನೂ ಹೇಳಿದೆ.

"ಹಬ್ಬದ ದಿನ ಕುಡಿತ, ಉಪ್ಪು, ನಿದ್ದೆಗೆಟ್ಟಿದ್ದು, ಮೇಲೆ ಮಾತ್ರೆ ಬಿಟ್ಟಿದ್ದು. ಇದಕ್ಕಿಂತ ಬೇರೇನು ಬೇಕು ನಿಮ್ಮ ಎದೆಗೆ? ಮಾತ್ರೆ ಬಿಟ್ಟಿದ್ದು ಎಲ್ಲಕ್ಕಿಂತ ದಡ್ಡತನ. ಬಿಡಬೇಕಾದದ್ದು ಗ್ಲಾಸು."

ಶಾಕ್ ಇಲ್ಲ. ರಕ್ತ ತೆಳುವಾಗಿಸೋ ಮಾತ್ರೆ, ಬಡಿತ ನಿಧಾನ ಮಾಡೋ ಮಾತ್ರೆ. ಕೆಲವು ವಾರ ಆದ ಮೇಲೆ ಮತ್ತೆ ನೋಡೋಣ ಅಂದರು. ಅಲ್ಲಿವರೆಗೆ ಎದೆ ಹೀಗೇ ಕುಣೀತಿರತ್ತೆ. ತಲೆ ತಿರುಗೋದು ನಿಲ್ಲೋವರೆಗೆ ಗಾಡಿ ಮುಟ್ಟೋ ಹಾಗಿಲ್ಲ. ಒಂದು ರಾತ್ರಿ ಇಲ್ಲೇ.

"ಹೊರಗಡೆ ನಿಮ್ಮ ಮಗಳಿಗೆ ನಾನು ಹೇಳಲಾ?"

"ಸೊಸೆ" ಅಂದೆ. "ಬೇಡ. ನಾನೇ ಹೇಳ್ತೀನಿ."

ಒಳಗೆ ಬಂದಳು. ಅತ್ತಿದ್ದಳು ಅಂತ ಕಾಣತ್ತೆ. ಬಂದವಳೇ ಕೇಳಿದ್ದು —

"ಮಾವ, ಅದು ಮಾಂಸದಿಂದಾನಾ? ಹೊಟ್ಟೆಗೆ ಹೋದ ವಿಷ ಎದೆಗೂ ಏರಿತಾ?"

ಈಗ ಹೇಳು. ಈಗ. ನನಗೆ ನಾನೇ ಹೇಳಿಕೊಂಡೆ.

"ಡಾಕ್ಟರಿಗೂ ಸರಿಯಾಗಿ ಗೊತ್ತಾಗ್ತಿಲ್ಲ" ಅಂದೆ.

ಪರದೆಯ ಹಿಂದೆ ಮೀಸೆ ನರ್ಸ್ ಬಾಟ್ಲಿ ಬದಲಾಯಿಸ್ತಿದ್ದ. ಕೇಳಿಸಿಕೊಂಡ. ನನ್ನ ಕಡೆ ಒಂದು ಸಲ ನೋಡಿದ.

ಸಾಯ್ತೀನೇನೋ ಅನ್ನೋ ಭಯಕ್ಕೆ ಡಾಕ್ಟರಿಗೆ ನಿಜ ಬಂತು. ಅವಳಿಗೆ ಬರಲಿಲ್ಲ.

ಡಿಸೆಂಬರ್ 30, ಸಂಜೆ, ಮನೆ

ರಾನ್ವಾನೇ ಕರ್ಕೊಂಡು ಬಂದಳು. ಊರು ಹತ್ತಿರ ಬಂದಾಗ ಅವಳೇ ಮಾತು ಶುರು ಮಾಡಿದಳು.

"ಅಪ್ಪ ಫೋನ್ ಮಾಡಿದ್ರು. ಊಟದ ದಿನಾನೇ ನಾನು ಅವರಿಗೆ ಹೇಳ್ಬಿಟ್ಟಿದ್ದೆ, ನಿಮಗೆ ಹೀಗಾಯ್ತು ಅಂತ. ಹೇಳ್ಬಾರದಿತ್ತು. ಗುಡಿಸಲಲ್ಲಿ ಇದ್ದಿದ್ದೆಲ್ಲ ಇಳಿಸಿ ಸಮುದ್ರಕ್ಕೆ ಹಾಕಿದಾರೆ. ಚಳಿಗಾಲ ಪೂರ್ತಿದು."

ನಾನು ಕಿಟಕಿ ಕಡೆ ನೋಡ್ತಿದ್ದೆ.

"ಅಷ್ಟೇ ಅಲ್ಲ. ಹಬ್ಬಕ್ಕೆ ಅಂತ ಊರಲ್ಲಿ ಎಲ್ಲರಿಗೂ ಒಂದೊಂದು ತುಂಡು ಕೊಟ್ಟಿದ್ರು. ಮನೆ ಮನೆಗೆ ಹೋಗಿ ಬಾಗಿಲು ತಟ್ಟಿ, ತಿನ್ಬೇಡಿ, ವಾಪಸ್ ಕೊಡಿ, ಡೆನ್ಮಾರ್ಕಲ್ಲಿ ನಮ್ಮ ಬೀಗರಿಗೆ ವಿಷ ಆಗಿದೆ, ಅಂತ ಕೇಳಿದಾರೆ. ಆ ಊರಲ್ಲಿ ಅಪ್ಪನ ಮಾಂಸ ಅಂದ್ರೆ..." ಗೇರ್ ಬದಲಾಯಿಸಿದಳು.

ಆ ಮುದುಕ ಕತ್ತಲಾಗೋದರೊಳಗೆ ಮನೆ ಮನೆ ಸುತ್ತುತ್ತಿರೋದು ಕಣ್ಣಿಗೆ ಕಟ್ಟತ್ತೆ. ಟೋಪಿ ಕೈಯಲ್ಲಿ ಹಿಡ್ಕೊಂಡು.

ಬಾಯಿ ತೆರೆದೆ. "ಇಲ್ಲಿ ಎಡಕ್ಕೆ ತಿರುಗು" ಅಂದೆ. ಅವಳಿಗೆ ದಾರಿ ಗೊತ್ತಿಲ್ಲವೇ?

ಡಿಸೆಂಬರ್ 31, ಮಂಗಳವಾರ

ಊರೆಲ್ಲ ಪಟಾಕಿ ಸದ್ದು. ನಮ್ಮನೆಯಲ್ಲಿ ಬೇಯಿಸಿದ ಮೀನು, ನೀರು. ಟೋಕೆ, ರಾನ್ವಾ ಅವರ ಗೆಳೆಯರ ಮನೆಗೆ ಹೋಗಿದಾರೆ. ಹನ್ನೆರಡು ಹೊಡೆದಾಗ ಎಲ್ಲರೂ ಕುರ್ಚಿ ಮೇಲಿಂದ ಹೊಸ ವರ್ಷದೊಳಕ್ಕೆ ಜಿಗಿಯೋದು ಇಲ್ಲಿಯ ಪದ್ಧತಿ, ನನಗೆ ಅದೂ ಇಲ್ಲ.

ಊಟ ಮಾಡ್ತಾ ಲೀಸ್ಬೆತ್ ಚಮಚ ಕೆಳಗಿಟ್ಟಳು.

"ಯಾವತ್ತು ಹೇಳ್ತೀಯ ಆ ಹುಡುಗಿಗೆ?"

"ಏನು?"

"ನಾಟಕ ಬೇಡ ವೆರ್ನರ್. ಇಷ್ಟು ವರ್ಷದಿಂದ ನಿನ್ನ ಪಕ್ಕ ಮಲಗಿದೀನಿ. ಹೊಟ್ಟೆ ಕೆಟ್ಟವನು ನಾಡಿ ಹಿಡ್ಕೊಂಡು ಮಲಗ್ತಾನಾ? ಗುರುವಾರ ರಾತ್ರಿ ನಿನ್ನ ಬೆನ್ನ ಮೇಲೆ ಕೈ ಇಟ್ಟಿದ್ದೆ. ಒಳಗೆ ಏನಾಗ್ತಿದೆ ಅಂತ ನನ್ನ ಕೈಗೆ ಗೊತ್ತಾಯ್ತು."

"ಗೊತ್ತಿದ್ದು ಯಾಕೆ ಸುಮ್ನಿದ್ದೆ?"

ಕಿವಿ ಕೆಂಪಾಗಿತ್ತು ಅವಳದ್ದು.

"ಮಾರನೇ ದಿನ ಹೇಳೋಣ ಅಂತಿದ್ದೆ. ಲೌಗೆ ಫೋನ್ ಮಾಡಿದ, ಎಲ್ಲರಿಗೂ ಹೇಳ್ಕೊಂಡು ನಗ್ತಿದ್ದ. ನಿನ್ನ ಮಾನ ಹೋಗತ್ತಲ್ಲ ಅನ್ನಿಸ್ತು. ನಾನೂ ಅವಳ ತಲೆ ಮೇಲೇ ಬಿಟ್ಟೆ. ನನ್ನ ಪಾಲೂ ಇದೆ ಇದರಲ್ಲಿ. ಆದರೆ ನಿನ್ನ ಬಾಯಿಂದ ಬರಬೇಕಾದ್ದನ್ನ ನಾನು ಹೇಳಲ್ಲ."

ಸಿಟ್ಟು ಮಾಡಲಿಲ್ಲ. ತಟ್ಟೆ ತೆಗೆದಳು. ಇಬ್ಬರೂ ಟಿ.ವಿ. ಮುಂದೆ ಕೂತೆವು. ಏನು ನೋಡಿದೆವೋ.

ಜನವರಿ 4, ಶನಿವಾರ

ಹೇಳಿದೆ.

ಬೆಳಿಗ್ಗೆ ರಕ್ತ ಪರೀಕ್ಷೆಗೆ ರಾನ್ವಾ ಕರ್ಕೊಂಡು ಹೋಗಿದ್ದಳು. ವಾಪಸ್ ಬರ್ತಾ ಬಂದರಿನ ಹತ್ತಿರ, "ಒಂದು ನಿಮಿಷ ಪಕ್ಕಕ್ಕೆ ನಿಲ್ಲಿಸು" ಅಂದೆ. ಎದೆ ನೋವಾ ಅಂತ ಗಾಬರಿಯಾದಳು. ಅಲ್ಲ ಅಂದೆ. ವೈಪರ್ ಓಡ್ತಿತ್ತು. ಮುಂದೆ ಮೀನಿನ ದೋಣಿಗಳು. ಅವಳ ಮುಖ ನೋಡದೆ, ದೋಣಿ ನೋಡ್ತಾ ಹೇಳಿದೆ. ಮೇಷ್ಟ್ರು ಪಾಠ ಒಪ್ಪಿಸಿದ ಹಾಗೆ, ಮೊದಲಿನಿಂದ. ನವೆಂಬರ್, ಕ್ವಿಸ್ಟ್, ಮಾತ್ರೆ, ಗ್ಲಾಸು. ಮಾಂಸ ಚೆನ್ನಾಗಿತ್ತು, ಇನ್ನೊಂದು ಚೂರಿಗೆ ಕೈ ಹಾಕಿದ್ದೆ. ಆಸ್ಪತ್ರೆಯಲ್ಲಿ ಹೇಳಿದ್ದೂ ಸುಳ್ಳು.

ವೈಪರ್ ನಿಲ್ಲಿಸಿದಳು. ಗಾಜಿನ ಮೇಲೆ ಹನಿ ಕೂತು ದೋಣಿಗಳು ಕಾಣದ ಹಾಗಾಯ್ತು.

"ನಾನು ನಿಮ್ಮ ಹತ್ರ ಬಂದು ಕ್ಷಮೆ ಕೇಳಿದೆ" ಅಂದಳು.

"ಹೌದು."

"ಸೂಪ್ ಮಾಡ್ಕೊಂಡು ಬಂದಿದ್ದೆ."

"ಹೌದು."

"ಅದನ್ನೂ ಕುಡಿದ್ರಿ."

ನಾನು ಕೋಟಿನ ಗುಂಡಿ ಬಿಚ್ಚಿದೆ, ಮತ್ತೆ ಹಾಕಿದೆ.

"ಕುಡಿದದ್ದಕ್ಕೆ ನನಗೇನಿಲ್ಲ ಮಾವ. ನಮ್ಮೂರಲ್ಲೂ ಕುಡೀತಾರೆ. ಹೆದರಿಕೆ ಆಯ್ತು ಅಂದಿದ್ರೂ ಅರ್ಥ ಆಗ್ತಿತ್ತು. ನೀವು ಆರಿಸಿದ್ದು ನನ್ನನ್ನ. ಆ ಮೇಜಿನ ಸುತ್ತ ಅಷ್ಟು ಜನ ಇದ್ರು, ಮೀನಿತ್ತು, ಬ್ರೆಡ್ಡಿತ್ತು. ನಂಬೋಕೆ ಸುಲಭ ಆಗಿದ್ದು ನಾನು ತಂದದ್ದು. ಅದು ನಿಮಗೆ ಗೊತ್ತಿತ್ತು."

ಗೊತ್ತಿತ್ತು. ಇದನ್ನ ನಾನು ಇಲ್ಲಿ ಕೂಡ ಬರೆದುಕೊಂಡಿರಲಿಲ್ಲ. ಗೊತ್ತಿತ್ತು.

ಕಾರಿನಿಂದ ಇಳಿದು ಹೋದಳು. ಕೀ ಅಲ್ಲೇ. ನಾನು ಗಾಡಿ ಓಡಿಸೋ ಹಾಗಿಲ್ಲ. ಮೇಷ್ಟ್ರ ಸೀಟಿನಲ್ಲಿ ಕೂತು ಚಳಿಯಲ್ಲಿ ಕಾದೆ. ಬರದೇ ಇದ್ದರೂ ತಪ್ಪಿರಲಿಲ್ಲ. ಬಂದಳು. ಕೂದಲೆಲ್ಲ ಒದ್ದೆ. ಬೆಲ್ಟ್ ಹಾಕಿದಳು, ಕನ್ನಡಿ ನೋಡಿದಳು, ಸಿಗ್ನಲ್ ಹಾಕಿದಳು. ಮನೆವರೆಗೆ ಒಂದು ತಪ್ಪೂ ಇಲ್ಲ. ತಪ್ಪು ಹುಡುಕೋ ಬಾಯಿಯೂ ಇರಲಿಲ್ಲ.

ಬಾಗಿಲ ಹತ್ತಿರ ಇಷ್ಟೇ ಅಂದಳು — "ಟೋಕೆಗೆ ನಾನು ಹೇಳ್ತೀನಿ. ಅಪ್ಪನಿಗೆ ನೀವೇ ಹೇಳಿ."

ಜನವರಿ 5, ಭಾನುವಾರ

ಫೋನ್ ಮಾಡಲಿಲ್ಲ. ಭಾನುವಾರ, ಚರ್ಚಿಗೆ ಹೋಗಿರ್ತಾರೆ ಅಂತ ನೆಪ. ಟೋಕೆ ಮೆಸೇಜ್ ಕಳಿಸಿದಾನೆ. "ಅಪ್ಪಾ." ಅಷ್ಟೇ. ಮುಂದೆ ಏನೂ ಇಲ್ಲ.

ಜನವರಿ 7, ಮಂಗಳವಾರ

ಹನ್ನೊಂದಕ್ಕೆ ರಾನ್ವಾಳ ಅಪ್ಪನಿಗೆ ಫೋನ್ ಮಾಡಿದೆ. ಹಾನುಸ್‌ಗೆ ಕಿವಿ ಮಂದ, ಇದು ನನಗೆ ಮದುವೆಯಲ್ಲೇ ಗೊತ್ತಿತ್ತು. ಮರೆತಿದ್ದೆ.

"ಯಾರು?"

"ವೆರ್ನರ್."

"ಯಾರು?"

"ವೆರ್ನರ್! ಟೋಕೆಯ ಅಪ್ಪ!"

"ಓ, ಬೀಗ್ರು! ಹೇಗಿದೆ ಹೊಟ್ಟೆ? ನಾನೇ ಮಾಡ್ಬೇಕಿತ್ತು ಫೋನು, ಮುಖ ಇರಲಿಲ್ಲ. ಈ ಸಲ ಗಾಳಿ ಬೆಚ್ಚಗಿತ್ತು ಬೀಗ್ರೇ. ನಾನು ಗಮನಿಸಬೇಕಿತ್ತು. ವಯಸ್ಸಾಯ್ತು, ಮೂಗು ಮೊದಲಿನ ಹಾಗಿಲ್ಲ ಅನ್ಕೊಂಡೆ. ದಯವಿಟ್ಟು—"

"ನಿಮ್ಮ ಮಾಂಸ ಅಲ್ಲ" ಅಂದೆ.

"ಏನು?"

"ಮಾಂಸ ಅಲ್ಲ!"

"ಗಟ್ಟಿಯಾಗಿ ಹೇಳಿ. ಲೈನು ಸರಿಯಿಲ್ಲ."

ಇಂಥದ್ದನ್ನ ಮೆಲ್ಲಗೆ ಹೇಳಬೇಕು ಅಂತ ಎರಡು ದಿನ ಮಾತು ಜೋಡಿಸಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಎದ್ದು ನಿಂತು ಕೂಗಿದೆ. "ನಾನು ಕುಡಿದಿದ್ದೆ! ಎದೆ ಕೆಟ್ಟಿದ್ದು! ಹೊಟ್ಟೆ ಅಲ್ಲ, ಎದೆ! ಡಾಕ್ಟರು ಬೇಡ ಅಂದಿದ್ರು, ಕುಡಿದೆ! ನಾಚಿಕೆಗೆ ನಿಮ್ಮ ಮಾಂಸದ ಮೇಲೆ ಹಾಕಿದೆ! ಸುಳ್ಳು ಹೇಳಿದೆ!"

ಹೊರಗೆ ಪಕ್ಕದ ಮನೆಯವನು ಕಾರಿನ ಗಾಜಿನ ಮೇಲಿನ ಮಂಜು ಕೆರೀತಿದ್ದ. ಕೆರೆಯೋ ಸದ್ದು ನಿಂತಿತು. ಅಡುಗೆಮನೆಯಲ್ಲಿ ಲೀಸ್ಬೆತ್ ನಲ್ಲಿ ನಿಲ್ಲಿಸಿದಳು.

ಆ ಕಡೆ ಕುರ್ಚಿ ಎಳೆದ ಸದ್ದು.

"ಇನ್ನೊಂದ್ಸಲ ಹೇಳಿ" ಅಂದರು.

ಕೇಳಿಸಲಿಲ್ಲವೋ, ಕೇಳಿಸಿಯೂ ಕೇಳಿದರೋ — ಗೊತ್ತಿಲ್ಲ. ಹೇಳಿದೆ. ಇನ್ನೂ ಗಟ್ಟಿಯಾಗಿ.

"ಅಂದ್ರೆ ಮಾಂಸ ಸರಿಯಿತ್ತು."

"ತುಂಬ ಚೆನ್ನಾಗಿತ್ತು!"

"ನಾನು ಮನೆ ಮನೆಗೆ ಹೋಗಿದ್ದೆ ಬೀಗ್ರೇ. ಒಬ್ಬಳು ಮುದುಕಿ ಆಗಲೇ ತಿಂದುಬಿಟ್ಟಿದ್ಲು. ಸಾಯ್ತೀನಾ ಹಾನುಸ್ ಅಂತ ಕೇಳಿದ್ಲು. ಅವಳ ಪಕ್ಕ ಬೆಳಗಿನವರೆಗೆ ಕೂತಿದ್ದೆ." ಉಸಿರೆಳೆದುಕೊಂಡರು. "ಬೆಳಿಗ್ಗೆ ಎದ್ದು ಕಾಫಿ ಮಾಡಿಕೊಟ್ಲು. ಆಗಲೇ ನನಗೆ ಅನುಮಾನ ಬರಬೇಕಿತ್ತು."

ನಕ್ಕರಾ? ಗೊತ್ತಾಗಲಿಲ್ಲ. ನಗಲಿಲ್ಲ ಅಂತ ಕಾಣತ್ತೆ.

"ಕ್ಷಮಿಸಿ" ಅಂದೆ. ಕೂಗಿದೆ.

"ಈಗ ಎದೆ ಹೇಗಿದೆ?" ಅಂದರು.

"ಇನ್ನೂ ಲಯಕ್ಕೆ ಬಂದಿಲ್ಲ."

"ಕುಡೀಬೇಡಿ. ಆ ದಿನ ಮೇಜಲ್ಲಿ ಕೂತಿದ್ರಲ್ಲ, ನಿಮ್ಮ ತಮ್ಮ, ಅವರಿಗೆಲ್ಲ ಹೇಳಿದ್ರಾ?"

"ಇಲ್ಲ."

"ನನ್ನೂರಿನವರಿಗೆ ನಾನು ಹೇಳ್ಕೋತೀನಿ. ನನ್ನ ಮಗಳು ಇರೋದು ನಿಮ್ಮೂರಲ್ಲಿ." ಫೋನ್ ಇಟ್ಟರು.

ಕೂತೆ. ಲೀಸ್ಬೆತ್ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಒದ್ದೆ ಬಟ್ಟೆ. ಒಳಗೆ ಹೋದಳು. ಪಕ್ಕದ ಮನೆಯವನು ಮತ್ತೆ ಕೆರೆಯೋಕೆ ಶುರು ಮಾಡಿದ, ಮೆಲ್ಲಗೆ.

ನಾಡಿ ನೋಡಿಕೊಳ್ಳಲಿಲ್ಲ. ನೋಡಿ ಏನಾಗಬೇಕು.

ಲೌಗೆಗೆ ನಾಳೆ ಫೋನ್ ಮಾಡೋಣ ಅನ್ನಿಸ್ತು. ನಾಳೆ ಅನ್ನೋದು ಇನ್ನೊಂದು ಮಾತ್ರೆ ತಪ್ಪಿಸಿದ ಹಾಗೆ. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಿದೀನಿ. ಕೈಯಲ್ಲಿ ಪೆನ್ನಿದ್ದರೆ ಕಟ್ ಮಾಡೋಕೆ ಕೈ ಹೋಗಲ್ಲ, ಅದಕ್ಕೇ ಬರೀತಿದೀನಿ. ರಿಂಗ್ ಆಗ್ತಿದೆ.

ಎತ್ತಿದ.

"ಏನಣ್ಣಾ! ಇನ್ನೂ ಬದುಕಿದೀಯಾ? ನಿನ್ನ ಸೊಸೆ ಮತ್ತೇನಾದ್ರೂ ಬಡಿಸಿದ್ಲಾ?" ನಗ್ತಿದಾನೆ. ಹಿಂದೆ ಕಿರ್ಸ್ಟನ್‌ದೂ ನಗು.

ಲೌಗೆ, ಅಂದೆ. ನಗು ನಿಲ್ಲಿಸು. ಕಿರ್ಸ್ಟನ್‌ಳನ್ನೂ ಕರಿ, ಅವಳೂ ಕೇಳಲಿ. ಆ ದಿನ ನನಗೆ ಕೆಟ್ಟಿದ್ದು ಹೊಟ್ಟೆಯಲ್ಲ, ಎದೆ.